ಬಿಸಲಿನ್ಯಾಗ ಕಾದ ನೀರು

ಹ್ವಾದ ತಿಂಗಳ ನಮ್ಮನಿ ಸೋಲಾರಿನ್ಯಾಗ ನೀರು ಉಗುರುಬೆಚ್ಚಗ ಬರಲಿಕ್ಕೆ ಹತ್ತಿದ್ವು. ಪ್ಲಂಬರ್ ಬಂದು, ಮಾಳಿಗಿ ಹತ್ತಿ ನೋಡಿ, "ಅಕ್ಕಾರ, ಬೋರಿನ ನೀರ್ರಿ, ಪೈಪಿನ್ಯಾಗೆಲ್ಲಾ ಸುಣ್ಣ ಕಟ್ಟೇದ. ತಗಸಿ ಒಂದು ಗೀಝರ್ ಕೂಡಿಸಿಬಿಡ್ರಿ. ಈಗ ಯಾರ್ ಇಟ್ಕೋತಾರ್ರಿ ಇದನ್ನ?" ಅಂದ. ನಮ್ಮನಿಯವರೂ ಹೂಂ ಅಂದ್ರು. "ಎರಡ ದಿನ ತಡೀರಿ" ಅಂದೆ ನಾನು. ಮಾಡೂ ಕೆಲಸಾ ಬಿಟ್ಟು ಆ ಎರಡ ದಿನಾ ಕೂತು ಓದಿದ್ದು ಈ ಪೆಟ್ಟಿಗಿದ ಕಥಿ. ಗಾಳಿಯಂತ್ರ, ಸೋಲಾರ್ ಕರೆಂಟು ಅಂತ ಈಗ ಪೇಪರಿನ್ಯಾಗ ದಿನಾ ಬರತದ. ಆದ್ರ ಸೂರ್ಯನ ಶಕ್ತಿಗೆ ಮನಿಮಂದಿ ಮೊದಮೊದಲು ರೊಕ್ಕಾ ಕೊಟ್ಟದ್ದು ದೀಪಕ್ಕಲ್ಲ, ಬಚ್ಚಲಕ್ಕ.

ಗಾಜಿನ ಪೆಟ್ಟಿಗಿ ಬಿಸಲನ್ನ ಒಳಗ ಹಿಡದ ಇಟಗೋತದ ಅನ್ನೂದನ್ನ 1767ರಾಗನ ಜಿನೀವಾದ ಸೊಸ್ಯೂರ್ ಅನ್ನೂ ವಿಜ್ಞಾನಿ ತೋರಿಸಿದ್ದ. ಅವನ ಪೆಟ್ಟಿಗಿ ಒಂದರಾಗ ಕಾವು ನೀರು ಕುದಿಯೂ ಮಟ್ಟಾನೂ ದಾಟಿತ್ತು. ಆದ್ರ ಅದು ಪಂಡಿತರ ಆಟ ಆಗೇ ಉಳೀತು. ಆ ಕಡೆ ಅಮೆರಿಕಾದ ಹೊಲಮನಿಯವ್ರು ಕಬ್ಬಿಣದ ಟಾಕಿಗೆ ಕರೇ ಬಣ್ಣ ಬಳದು ಬಿಸಲಿಗೆ ಇಡತಿದ್ರು. ಮಧ್ಯಾಹ್ನಕ್ಕ ಕಾಯತಿದ್ವು, ಸೂರ್ಯ ಮುಳುಗಿದ ಕೂಡಲೆ ಆರತಿದ್ವು. ಈ ಎರಡನ್ನೂ ಕೂಡಿಸಿದಾವ ಬಾಲ್ಟಿಮೋರಿನ ಕ್ಲಾರೆನ್ಸ್ ಕೆಂಪ್. ಕರೇ ಟಾಕಿ, ಅದರ ಸುತ್ತ ಪೆಟ್ಟಿಗಿ, ಮ್ಯಾಲೆ ಗಾಜು. 1891ರಾಗ ಪೇಟೆಂಟ್ ತಗೊಂಡು 'ಕ್ಲೈಮ್ಯಾಕ್ಸ್' ಅಂತ ಹೆಸರಿಟ್ಟ. ಅದನ್ನ ಯಾರಿಗೆ ಮಾರಲಿಕ್ಕೆ ನೋಡಿದ ಗೊತ್ತದ ಏನ್ರಿ? ಬ್ಯಾಸಿಗ್ಯಾಗ ಹೆಂಡತಿ, ಕೆಲಸದಾಕಿ ಇಬ್ಬರೂ ಊರಿಗೆ ಹೋಗಿ, ಒಲಿ ಹಚ್ಚೂದು ತನ್ನ ಪಾಲಿಗೆ ಬಂದ ಗಂಡಸರಿಗೆ! ಒಲಿ ಮುಂದ ಕೂತ ಮ್ಯಾಲೆ ಗಂಡಸರಿಗೆ ಅದರ ಕಷ್ಟ ತಿಳೀತು ಅನ್ರಿ.

ನಮ್ಮಜ್ಜಿ ನಸುಕಿನ್ಯಾಗ ಎದ್ದು ಬಚ್ಚಲದ ಒಲಿಗೆ ಕುಳ್ಳು ತುಂಬತಿದ್ದಳು. ಮಳಿಗಾಲದಾಗ ಕಟಗಿ ಹಸೀ ಆದ್ರ ಮನಿ ತುಂಬ ಹೊಗಿ. ಎಲ್ಲಾರದೂ ಜಳಕ ಆದಮ್ಯಾಲೆ ಅಕೀ ಪಾಲಿಗೆ ಉಳೀತಿದ್ದದ್ದು ಹಂಡೆ ತಳದ ಆರಿದ ನೀರು. ಅದಕ್ಕ ಈ ಕಥಿ ನನಗ ಬರೇ ಯಂತ್ರದ್ದು ಅನಸಲಿಲ್ಲ.

ಕ್ಲೈಮ್ಯಾಕ್ಸ್ ಖರೇನ ಬೇರು ಬಿಟ್ಟದ್ದು ಕ್ಯಾಲಿಫೋರ್ನಿಯಾದಾಗ. ಅಲ್ಲೆ ಬಿಸಲು ಭಾಳ, ಕಲ್ಲಿದ್ದಲು ತುಟ್ಟಿ. 25 ಡಾಲರಿನ ಪೆಟ್ಟಿಗಿ ಲಗೂನ ರೊಕ್ಕಾ ತೀರಸತಿತ್ತು. 1897ರ ಹೊತ್ತಿಗೆ ಪಾಸಡೀನಾ ಊರಾಗ ಸುಮಾರು ಮೂರರಾಗ ಒಂದು ಮನಿ ಮ್ಯಾಲೆ ಅದು ಕೂತಿತ್ತು. ರಾತ್ರಿ ನೀರು ಆರೂ ತ್ರಾಸು ಮಾತ್ರ ಹಂಗ ಇತ್ತು.

ಅದನ್ನ ಬಗಿಹರಿಸಿದಾವ ವಿಲಿಯಂ ಬೇಯ್ಲಿ, 1909ರಾಗ. ನೀರು ಕಾಯೂ ಜಾಗಾನ ಬ್ಯಾರೆ, ಕೂಡಿಡೂ ಜಾಗಾನ ಬ್ಯಾರೆ ಮಾಡಿದ. ಕೆಳಗ ಗಾಜಿನ ಪೆಟ್ಟಿಗ್ಯಾಗ ಸಣ್ಣ ಸಣ್ಣ ಪೈಪು. ಮ್ಯಾಲೆ, ಬೆಚ್ಚಗ ಹೊದಿಸಿಟ್ಟ ಟಾಕಿ. ಕಾದ ನೀರು ಹಗರಾಗಿ ತಾನ ಮ್ಯಾಲೇರತದ, ತಣ್ಣೀರು ಕೆಳಗಿಳೀತದ. ಪಂಪೂ ಬ್ಯಾಡ, ಕರೆಂಟೂ ಬ್ಯಾಡ. ನಿಮ್ಮ ಮಾಳಿಗಿ ಮ್ಯಾಲೆ ಟಾಕಿ ಎತ್ತರಕ್ಕ ಯಾಕ ಇರತದ ಅನ್ನೂದಕ್ಕ ಉತ್ತರ ಇದ. ಹಗಲಿ ಕಾದದ್ದು ರಾತ್ರಿಗೂ ಸಿಗತದ ಅಂತ 'ಡೇ ಅಂಡ್ ನೈಟ್' ಅಂತ ಹೆಸರು. 1913ರ ಥಂಡಿಯೊಳಗ ಪೈಪಿನ್ಯಾಗ ನೀರು ಹೆಪ್ಪುಗಟ್ಟಿ ಪೈಪು ಒಡದ್ವು. ಆವಾಗ ಬೇಯ್ಲಿ ಇನ್ನೊಂದು ಉಪಾಯ ತಗದ: ಪೈಪಿನ್ಯಾಗ ಆಲ್ಕೋಹಾಲ್ ಬೆರಸಿದ ನೀರು ತಿರಗತಿರಬೇಕು, ಅದು ಟಾಕಿಯೊಳಗಿನ ಸುರುಳಿ ಕೊಳವ್ಯಾಗ ಹಾದು ಬಚ್ಚಲದ ನೀರಿಗೆ ಕಾವು ಕೊಡಬೇಕು, ಎರಡೂ ನೀರು ಕೂಡಬಾರದು. ಈ ಸುರುಳಿ ಮಾತು ನೆಪ್ಪಿಟ್ಟಿರ್ರಿ, ಮುಂದ ಬೇಕಾಗತದ.

1918ರ ತನಕ ಅಂವ ನಾಕು ಸಾವಿರದ ಮ್ಯಾಲೆ ಮಾರಿದ. ಮುಂದ ಲಾಸ್ ಏಂಜಲೀಸ್ ಸುತ್ತಮುತ್ತ ನೆಲದಾಗ ಗ್ಯಾಸ್ ಸಿಕ್ಕು ಅಗ್ಗ ಆತು. ಅದ ಬೇಯ್ಲಿ ಗ್ಯಾಸಿನ ಹೀಟರ್ ಮಾಡಿ ಮಾರಲಿಕ್ಕೆ ಹತ್ತಿದ! ವ್ಯಾಪಾರಸ್ಥ, ಏನ್ ಮಾಡ್ಯಾನು. ಸೋಲಾರ್ ಫ್ಲೋರಿಡಾಕ್ಕ ಗುಳೇ ಹೋತು. 1941ರ ಹೊತ್ತಿಗೆ ಮಯಾಮಿ ಊರಾಗ ಅರ್ಧಕ್ಕಿಂತ ಹೆಚ್ಚು ಮಂದಿ ಬಿಸಲಿನ ನೀರೇ ಬಳಸತಿದ್ರು. ಯುದ್ಧ ಬಂದು ತಾಮ್ರಕ್ಕ ನಿರ್ಬಂಧ ಬಿತ್ತು. ಯುದ್ಧ ಮುಗದ ಮ್ಯಾಲೆ ಹಳೇ ಟಾಕಿ ತುಕ್ಕು ಹಿಡದು ಒಡೀಲಿಕ್ಕೆ ಹತ್ತಿದ್ವು, ಕರೆಂಟ್ ಅಗ್ಗ ಆತು. ಅಲ್ಲಿಯ ಪ್ಲಂಬರ್‌ಗಳೂ ತಗಸಿಬಿಡ್ರಿ ಅಂದಿರಬೇಕು.

ಸೋಲಾರ್ ಕಾಯಂ ನೆಲಿ ಕಂಡದ್ದು ಇಸ್ರೇಲಿನ್ಯಾಗ. 1950ರ ಸುಮಾರಿಗೆ ಅಲ್ಲೆ ಇಂಧನದ ಬರ. ರಾತ್ರಿ ಹತ್ತರಿಂದ ಮುಂಜಾನಿ ಆರರ ತನಕ ನೀರು ಕಾಸಬಾರದು ಅಂತ ಸರ್ಕಾರದ ನಿಷೇಧ. ಲೆವಿ ಯಿಸ್ಸಾರ್ ಅನ್ನೂ ಇಂಜಿನಿಯರ್ 1953ರಾಗ ಸೋಲಾರ್ ಹೀಟರಿನ ಕಂಪನಿ ತಗದ. ಹ್ಯಾರಿ ಟೇಬರ್ ಅನ್ನೂ ವಿಜ್ಞಾನಿ ಬಿಸಲು ಹೀರಿ ಕಾವು ಹೊರಗ ಬಿಡದ ಕರೇ ಲೇಪ ಕಂಡುಹಿಡದ. 1973ರ ಎಣ್ಣಿ ಬಿಕ್ಕಟ್ಟಿನ ಪೆಟ್ಟು ತಿಂದ ಮ್ಯಾಲೆ, ಹೊಸಾ ಮನಿಗೆ ಸೋಲಾರ್ ಇರಲೇಬೇಕು ಅನ್ನೂ ಕಾಯ್ದೆ 1980ರಿಂದ ಜಾರಿ ಬಂತು. ಈಗ ಅಲ್ಲೆ ಬಹುತೇಕ ಮನಿ ಮ್ಯಾಲೆ ಅದು ಅದ. ಅಮೆರಿಕಾದಾಗ ಆದದ್ದು ತಿರುಗಾ ಮುರುಗಾ. 1979ರಾಗ ಅಧ್ಯಕ್ಷ ಕಾರ್ಟರ್ ಶ್ವೇತಭವನದ ಮ್ಯಾಲೆ ನೀರು ಕಾಸೂ 32 ಫಲಕ ಕೂಡಿಸಿದ್ರು. ಮುಂದೊಂದು ದಿನಾ ಇವು ಮ್ಯೂಸಿಯಂ ವಸ್ತು ಆದರೂ ಆಗಬಹುದು ಅಂತ ಅವತ್ತ ಅವರ ಹೇಳಿದ್ರು. ಎಣ್ಣಿ ಅಗ್ಗಾತು, 1986ರಾಗ ರೇಗನ್ ಕಾಲಕ್ಕ ಇಳಿಸಿಟ್ರು. ಅದರಾಗಿನ ಒಂದು ಫಲಕ ಖರೇನ ಮ್ಯೂಸಿಯಮ್ಮಿನ್ಯಾಗ ಅದ, ಅದೂ ಚೀನಾದ ದೆಝೌ ಊರಿನ್ಯಾಗ, ಒಂದು ಸೋಲಾರ್ ಹೀಟರ್ ಕಂಪನಿದು! ಜಗತ್ತಿನ ಸೋಲಾರ್ ಹೀಟರಿನ್ಯಾಗ ಅರ್ಧಕ್ಕಿಂತ ಹೆಚ್ಚು ಈಗ ಚೀನಾದಾಗ ಅವ.

ನಮ್ಮ ಕರ್ನಾಟಕದಾಗ 2007ರಾಗ ಸರ್ಕಾರ ಹೊಸಾ ಮನಿಗಳಿಗೆ ಕಡ್ಡಾಯ ಮಾಡ್ತು. ಬಿಲ್ಲಿನ್ಯಾಗ ಯುನಿಟ್ಟಿಗೆ 50 ಪೈಸೆ ಬಿಡೂ ಪದ್ಧತೀನೂ ಬಂತು, ತಿಂಗಳಿಗೆ ಹೆಚ್ಚಂದ್ರ 50 ರೂಪಾಯಿ. ಕಡ್ಡಾಯ ಅಂತ ಕೂಡಿಸಿದಾವ್ರು ಭಾಳ ಮಂದಿ, ಕೂಡಿಸಿದ ಮ್ಯಾಲೆ ಒಮ್ಮೆರೆ ಗಾಜು ಒರಸಿದಾವ್ರು ಎಷ್ಟು ಮಂದಿ? ನಾನೂ ಒರಸಿರಲಿಲ್ಲ ಬಿಡ್ರಿ.

ಮೂರನೇ ದಿನಾ ಪ್ಲಂಬರಿಗೆ ಫೋನ್ ಹಚ್ಚಿ, ಸುಣ್ಣದ ನೀರು ಪೈಪಿಗೆ ಹೋಗಧಂಗ ಟಾಕಿಯೊಳಗ ಸುರುಳಿ ಇರೂದು ಸಿಗತದೇನಪಾ ಅಂತ ಕೇಳಿದೆ. "ಸಿಗತದ್ರಿ ಅಕ್ಕಾರ, ಬೋರಿನ ನೀರಿಗೆ ಅದ ಛಲೋ. ನಿಮಗ ಯಾರ್ ಹೇಳಿದ್ರು?" ಅಂದ. 1913ರ ಥಂಡಿ ಕಥಿ ಫೋನಿನ್ಯಾಗ ಎಲ್ಲಿ ಹೇಳಲಿ! ಈಗಿಂದನ್ನ ಸುಣ್ಣ ತಗದು ತೊಳದು ಕೊಡು, ಇದು ಕೆಟ್ಟ ಮ್ಯಾಲೆ ಅದನ್ನ ತಗೋತೀವಿ ಅಂದೆ. ರವಿವಾರ ಬರತೀನಿ ಅಂದಾನ.