ಕಿರುಕುಳ

‘ಕಿರು’ ಎಂದರೆ ಸಣ್ಣದು. ಹಳಗನ್ನಡದ ‘ಕಿಱುಕುಳ’ಕ್ಕೆ ಅಲ್ಪ, ಕ್ಷುದ್ರ ಎಂಬ ಅರ್ಥವಿತ್ತು. ಇಂದು ಉಳಿದಿರುವುದು ಕಾಟ, ಪೀಡೆ ಎಂಬ ಅರ್ಥ. ಆದರೂ ಹೆಣ್ಣು ದೂರು ಕೊಟ್ಟಾಗ ಆ ಹಳೆಯ ‘ಸಣ್ಣ’ತನ ಮತ್ತೆ ತಲೆಯೆತ್ತುತ್ತದೆ.

1988ರಲ್ಲಿ ಚಂಡೀಗಢದ ಔತಣಕೂಟವೊಂದರಲ್ಲಿ ಪಂಜಾಬ್ ಪೊಲೀಸ್ ಮುಖ್ಯಸ್ಥ ಕೆ.ಪಿ.ಎಸ್. ಗಿಲ್ ತಮ್ಮ ಮೈಮುಟ್ಟಿ ಅವಮಾನಿಸಿದರೆಂದು ಐಎಎಸ್ ಅಧಿಕಾರಿ ರೂಪನ್ ಡಿಯೋಲ್ ಬಜಾಜ್ ದೂರಿತ್ತರು. ಹೈಕೋರ್ಟ್ ಇದು ಕ್ಷುಲ್ಲಕ ಹಾನಿಯೆಂದು ಪ್ರಕರಣವನ್ನೇ ರದ್ದುಮಾಡಿತು. ಕಿಱುಕುಳದ ಹಳೆಯ ಅರ್ಥವೇ ಅಲ್ಲವೇ ಇದು!

ಆಕೆ ಬಿಡಲಿಲ್ಲ. 1995ರಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಮರುವರ್ಷ ಗಿಲ್ ತಪ್ಪಿತಸ್ಥರೆಂದು ತೀರ್ಪಾಯಿತು.

ಕೆಲಸದ ಸ್ಥಳದಲ್ಲಿ ಮಹಿಳೆಯರ ರಕ್ಷಣೆಗಾಗಿ ಬಂದ 1997ರ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು ಮತ್ತು 2013ರ ಕಾಯ್ದೆಯಿಂದ ‘ಲೈಂಗಿಕ ಕಿರುಕುಳ’ಕ್ಕೆ ಕಾನೂನಿನ ತೂಕ ಬಂತು. ಹತ್ತು ಮಂದಿ ದುಡಿಯುವ ಕಚೇರಿಯಲ್ಲೂ ಈಗ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಕಡ್ಡಾಯ. ಅದರ ಅಧ್ಯಕ್ಷಸ್ಥಾನದಲ್ಲಿ ಮಹಿಳೆಯೇ ಇರಬೇಕು.