ಮೃತ ಸಮುದ್ರದ ಹರಳು ಹೇಳಿದ ಉತ್ತರ

2009ರ ರಸಾಯನಶಾಸ್ತ್ರ ನೊಬೆಲ್ ಮೂವರಿಗೆ ಬಂತು. ಚಿದಂಬರದಲ್ಲಿ ಹುಟ್ಟಿ ಬರೋಡಾದಲ್ಲಿ ಓದಿದ ವೆಂಕಟರಾಮನ್ ರಾಮಕೃಷ್ಣನ್ ಅವರಲ್ಲೊಬ್ಬರು. ಇಲ್ಲಿ ಮುಂಬೈಯಲ್ಲಿ ನಮಗೆಲ್ಲ ಅವರದೇ ಸಡಗರ. ಉಳಿದಿಬ್ಬರು, ಅಂದರೆ ಅದಾ ಯೋನಾಥ್ ಮತ್ತು ಥಾಮಸ್ ಸ್ಟೈಟ್ಜ್, ಬದಿಗೆ ಸರಿದುಬಿಟ್ಟರು. ನನಗೆ ಇವತ್ತಿಗೂ ಕಾಡುವುದು ಮಾತ್ರ ಈ ಇಬ್ಬರು ಬೇರೆ ಬೇರೆ ಕಾಲದಲ್ಲಿ ಹಿಡಿದ ಒಂದೇ ಹರಳಿನ ಕಥೆ.

ರೈಬೋಸೋಮ್ ಅಂದರೆ ಜೀವಕೋಶದಲ್ಲಿ ಪ್ರೋಟೀನು ತಯಾರಿಸುವ ಯಂತ್ರ. ಅದಕ್ಕೆ ಎರಡು ಭಾಗ. ಚಿಕ್ಕದು ಆರ್‌ಎನ್‌ಎಯಲ್ಲಿ ಬಂದ ಸಂದೇಶ ಓದುತ್ತದೆ, ದೊಡ್ಡದು ಅಮೈನೋ ಆಮ್ಲಗಳನ್ನು ಹೂವಿನ ಹಾಗೆ ಪೋಣಿಸುತ್ತದೆ. ಈ ಯಂತ್ರದಲ್ಲಿ ಆರ್‌ಎನ್‌ಎಯೂ ಇದೆ, ಪ್ರೋಟೀನೂ ಇದೆ. ಪೋಣಿಸುವವರು ಯಾರು? ಪ್ರೋಟೀನೇ ಇರಬೇಕು ಅಂತ ಬಹುಕಾಲ ನಂಬಿದ್ದರು. ಆದರೆ ಪ್ರೋಟೀನು ಮಾಡಲು ಪ್ರೋಟೀನೇ ಬೇಕಾದರೆ ಮೊಟ್ಟಮೊದಲನೆಯದು ಎಲ್ಲಿಂದ ಬಂತು? ಬೀಜ ಮೊದಲೋ ವೃಕ್ಷ ಮೊದಲೋ ಅನ್ನುವ ನಮ್ಮ ಹಳೇ ಪ್ರಶ್ನೆಯೇ ನೋಡಿ.

1992ರಲ್ಲಿ ಹ್ಯಾರಿ ನೋಲರ್ ತಂಡ ದೊಡ್ಡ ಭಾಗದಿಂದ ಬಹುಪಾಲು ಪ್ರೋಟೀನು ತೆಗೆದುಹಾಕಿತು. ಆದರೂ ಪೋಣಿಸುವ ಕೆಲಸ ನಡೆಯಿತು. ಸಂಶಯ ಆರ್‌ಎನ್‌ಎ ಕಡೆ ತಿರುಗಿತು. ಆದರೆ ಅಳಿದುಳಿದ ಪ್ರೋಟೀನೇ ಈ ಕೆಲಸ ಮಾಡಿರಬಹುದಲ್ಲ? ಕಣ್ಣಾರೆ ಕಾಣದೆ ಬಗೆಹರಿಯುವಂತಿರಲಿಲ್ಲ.

ಕಾಣಬೇಕಾದರೆ ರೈಬೋಸೋಮನ್ನು ಹರಳುಗಟ್ಟಿಸಿ, ಎಕ್ಸ್-ರೇ ಹಾಯಿಸಿ, ಪರಮಾಣುಗಳ ಜಾಗ ಲೆಕ್ಕ ಹಾಕಬೇಕು. ಇಷ್ಟು ದೊಡ್ಡ, ಅಂಕುಡೊಂಕಿನ ವಸ್ತು ಅದಕ್ಕೆ ಒಗ್ಗುವುದಿಲ್ಲ ಅಂತ ಹಲವರು ಕೈಚೆಲ್ಲಿದ್ದರು. 1980ರಲ್ಲಿ ಯೋನಾಥ್ ಒಂದು ಬ್ಯಾಕ್ಟೀರಿಯಾದ ದೊಡ್ಡ ಭಾಗವನ್ನು ಹರಳಾಗಿಸಿ ತೋರಿಸಿದರು. ಆಮೇಲೆ ಮೃತ ಸಮುದ್ರದ ಉಪ್ಪಿನಲ್ಲೇ ಬದುಕುವ ಹ್ಯಾಲೋಆರ್ಕ್ಯುಲಾ ಮಾರಿಸ್ಮಾರ್ಟುಯಿ ಎಂಬ ಆರ್ಕಿಯಾವನ್ನು ಹಿಡಿದರು. ಅದರಿಂದ ಇನ್ನೂ ಒಳ್ಳೆಯ ಹರಳು ಸಿಕ್ಕಿತು. ಎಕ್ಸ್-ರೇ ಬಿದ್ದು ಹಾಳಾಗದಂತೆ ಹರಳನ್ನು ಸುಮಾರು ಮೈನಸ್ 185 ಡಿಗ್ರಿಗೆ ತಣಿಸುವ ದಾರಿಯನ್ನೂ ಮಾಡಿಕೊಟ್ಟರು.

1990ರ ದಶಕದಲ್ಲಿ ಯೇಲ್ ವಿಶ್ವವಿದ್ಯಾಲಯದ ಸ್ಟೈಟ್ಜ್ ಮತ್ತು ಪೀಟರ್ ಮೂರ್ ಇದೇ ಆರ್ಕಿಯಾದ ಹರಳನ್ನು ಕೈಗೆತ್ತಿಕೊಂಡರು. ಭಾರಲೋಹಗಳ ಗೊಂಚಲುಗಳನ್ನು ಹರಳಿಗೆ ಸೇರಿಸಿ ಗುರುತು ಹಿಡಿಯುತ್ತಾ 1998ರಲ್ಲಿ 9 ಆಂಗ್‌ಸ್ಟ್ರಾಮ್‌ನ ಮಸುಕು ಚಿತ್ರ, 2000ದ ಆಗಸ್ಟಿನಲ್ಲಿ 2.4 ಆಂಗ್‌ಸ್ಟ್ರಾಮ್‌ನ ಸ್ಪಷ್ಟ ಚಿತ್ರ ತೆಗೆದರು. ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು! ಆ ಚಿತ್ರದಲ್ಲಿ 3,045 ನ್ಯೂಕ್ಲಿಯೋಟೈಡುಗಳ ಪೈಕಿ 2,833, 31 ಪ್ರೋಟೀನುಗಳ ಪೈಕಿ 27 ಕಂಡವು. ಪೋಣಿಸುವ ಜಾಗದ ಸುತ್ತ 18 ಆಂಗ್‌ಸ್ಟ್ರಾಮ್ ತನಕ ಒಂದೂ ಪ್ರೋಟೀನಿಲ್ಲ. ಅಲ್ಲಿರುವುದೆಲ್ಲ ಆರ್‌ಎನ್‌ಎ. ಪ್ರೋಟೀನುಗಳಿಗಿಂತ ಮೊದಲು ಆರ್‌ಎನ್‌ಎಯೇ ಬದುಕು ನಡೆಸಿರಬೇಕು ಅನ್ನುವ ವಾದಕ್ಕೆ ಇಷ್ಟು ಗಟ್ಟಿ ಆಧಾರ ಅದಕ್ಕೆ ಮುಂಚೆ ಇರಲಿಲ್ಲ.

ಇದು ಬರೀ ಹಳೇ ಪ್ರಶ್ನೆಯ ಉತ್ತರವಲ್ಲ. ನಾವು ನುಂಗುವ ಅಜಿತ್ರೋಮೈಸಿನ್ ಬ್ಯಾಕ್ಟೀರಿಯಾದ ಇದೇ ದೊಡ್ಡ ಭಾಗದೊಳಗೆ, ಹೊಸ ಪ್ರೋಟೀನು ಹೊರಬರುವ ಸುರಂಗದಲ್ಲಿ ಅಡ್ಡ ಕೂರುತ್ತದೆ. ಎಲ್ಲಿ, ಹೇಗೆ ಅಂತ ಕಾಣಲು ಸಾಧ್ಯವಾದದ್ದು ಇಂಥ ಚಿತ್ರಗಳಿಂದಲೇ.

ಹರಳಿಗೆ ಹಾದಿ ಮಾಡಿದವರು ಯೋನಾಥ್, ಅದರೊಳಗಿನ ಉತ್ತರ ಓದಿದವರು ಯೇಲ್‌ನವರು. ನೊಬೆಲ್ ಇಬ್ಬರನ್ನೂ ಮರೆಯಲಿಲ್ಲ, ಸರಿಯೇ. ಆದರೆ ಒಂದು ಬಹುಮಾನ ಮೂವರಿಗಿಂತ ಹೆಚ್ಚು ಜನಕ್ಕೆ ಹಂಚುವಂತಿಲ್ಲ. ನೋಲರ್ ಮತ್ತು ಮೂರ್ ಹೆಸರು ಆ ಪಟ್ಟಿಯಲ್ಲಿಲ್ಲ. ನಾವಾದರೂ ಈ ಕಥೆ ಹೇಳುವಾಗ ಐದು ಹೆಸರು ಹೇಳೋಣ ಅಂತ ನನಗನ್ನಿಸುತ್ತದೆ.