1973ರ ಸೋಲು, 1975ರ ಗೆಲುವು

ನಮ್ಮ ಊರಾಗ ಹಾಕಿ ಆಡಿದವರು ಒಬ್ಬರೂ ಇಲ್ಲ. ಇದು ಕುಸ್ತಿ, ಕಬಡ್ಡಿ, ಚಿಣ್ಣಿದಾಂಡಿನ ಸೀಮೆ. ಅಕ್ಕಲಕೋಟ ತಾಲೂಕಿನ ಕರಿ ಎರೆ ಭೂಮಿ ಬ್ಯಾಸಗಿಯಲ್ಲಿ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಳ್ಳುತ್ತದೆ. ಇಂಥ ನೆಲದ ಮೇಲೆ ಚೆಂಡು ಉರುಳುವುದೇ ಕಷ್ಟ. ಆದರೂ ನಾನು ಹಾಕಿಯ ಬಗ್ಗೆ ಬರೆಯಲು ಕೂತಿದ್ದೇನೆ. ಯಾಕಂದ್ರ ಪ್ರತಿ ವರ್ಷ ಆಗಸ್ಟ್ 15ಕ್ಕೆ ಶಾಲೆಯ ಅಂಗಳದಲ್ಲಿ ಭಾಷಣ ಕೇಳುತ್ತೇನೆ. “1975ರಲ್ಲಿ ಭಾರತ ಹಾಕಿ ವಿಶ್ವಕಪ್ ಗೆದ್ದಿತು” ಅಂತ ಒಂದು ಮಾತು ಬರುತ್ತದೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಭಾಷಣ ಮುಂದಕ್ಕೆ ಹೋಗುತ್ತದೆ. ಆ ಮಾತು ಖರೆ. ಆದರೆ ಅದು ಅರ್ಧ ಕಥಿ. ಉಳಿದರ್ಧ ಎರಡು ವರ್ಷ ಹಿಂದಿನದು, ಸೋತದ್ದು. ಹಾಡು ಹೇಳಿ ಬದುಕಿದ ನನಗೆ ಅರ್ಧ ಕಥಿ ಕೇಳಿದರೆ ಸಮಾಧಾನ ಆಗುವುದಿಲ್ಲ.

ಮೊದಲಿಗೆ ಈ ವಿಶ್ವಕಪ್ ಹುಟ್ಟಿದ್ದು ಹೆಂಗ ಅಂತ ನೋಡೋಣ. ಒಲಿಂಪಿಕ್ಸ್‌ನಲ್ಲಿ ಹಾಕಿ ಬಹಳ ದಿನದಿಂದ ಇತ್ತು. 1928ರಿಂದ ಭಾರತ ಅಲ್ಲಿ ಒಂದಾದ ಮೇಲೊಂದು ಬಂಗಾರ ತಂದಿತ್ತು. ಆದರೆ ಹಾಕಿಗೇ ಬೇರೆ ಒಂದು ವಿಶ್ವಕಪ್ ಇರಲಿಲ್ಲ. ಅದು ಆಗಬೇಕು ಅಂತ ಹಟ ಹಿಡಿದವರು ಪಾಕಿಸ್ತಾನದ ಏರ್ ಮಾರ್ಷಲ್ ನೂರ್ ಖಾನ್. ಕಪ್ಪನ್ನು ಸಹ ಪಾಕಿಸ್ತಾನದವರೇ ಮಾಡಿಸಿ ಕೊಟ್ಟರು. ಮೊದಲ ಪಂದ್ಯಾವಳಿ 1971ರಲ್ಲಿ ಪಾಕಿಸ್ತಾನದಲ್ಲೇ ಆಗಬೇಕಿತ್ತು. ಆದರೆ ಅದು ಬಾಂಗ್ಲಾದೇಶದ ಯುದ್ಧದ ವರ್ಷ. ಎರಡೂ ದೇಶಗಳ ನಡುವೆ ಬೆಂಕಿ ಬಿದ್ದಿತ್ತು. ಹಿಂಗಾಗಿ ಪಂದ್ಯಾವಳಿಯನ್ನು ಸ್ಪೇನ್ ದೇಶದ ಬಾರ್ಸಿಲೋನಾಕ್ಕೆ ಒಯ್ದರು. ಅಲ್ಲಿ ಸೆಮಿಫೈನಲ್‌ನಲ್ಲಿ ಪಾಕಿಸ್ತಾನ ನಮ್ಮನ್ನು 2-1ರಿಂದ ಸೋಲಿಸಿತು, ಮುಂದೆ ಕಪ್ಪನ್ನೂ ಗೆದ್ದಿತು. ನಮ್ಮವರು ಕೀನ್ಯಾವನ್ನು ಸೋಲಿಸಿ ಮೂರನೆಯ ಜಾಗಕ್ಕೆ ನಿಂತರು.

ಎರಡನೆಯ ವಿಶ್ವಕಪ್ 1973ರ ಆಗಸ್ಟ್ ಕೊನೆಯಲ್ಲಿ ಹಾಲೆಂಡ್ ದೇಶದ ಆಮ್ಸ್ಟೆಲ್‌ವೀನ್ ಊರಿನಲ್ಲಿ ಶುರುವಾಯಿತು. ನಮ್ಮ ಮಂದಿಗೆ 1973 ಅಂದರೆ ಬ್ಯಾರೆ ನೆನಪು. 1972ರಲ್ಲಿ ಮಳೆ ಕೈಕೊಟ್ಟು ಸೊಲ್ಲಾಪುರ ಜಿಲ್ಲೆಯ ತುಂಬ ದುಷ್ಕಾಳ ಬಿದ್ದಿತ್ತು. ಹಿರಿಯರು ಸರಕಾರದ ಕೆಲಸಕ್ಕೆ ಖಡಿ ಒಡೆಯಲು ಹೋದರು, ದನಗಳನ್ನು ಸಿಕ್ಕ ಬೆಲೆಗೆ ಹೊಡೆದು ಕೊಟ್ಟರು. ನಾನು ಏಳನೆಯ ಇಯತ್ತೆ ಮುಗಿಸಿ ಶಾಲೆ ಬಿಟ್ಟದ್ದೂ ಆ ಹೊತ್ತಿನಲ್ಲೇ. ಅಪ್ಪ ಅವ್ವ ಖಡಿ ಕೆಲಸಕ್ಕೆ ಹೋದರೆ ಮನೆಯಲ್ಲಿ ತಮ್ಮಂದಿರನ್ನು ನೋಡಿಕೊಳ್ಳುವವರು ಬೇಕಿತ್ತು. ಹಾಲೆಂಡಿನಲ್ಲಿ ಏನು ನಡೆದಿದೆ ಅಂತ ಕೇಳುವ ತ್ರಾಣ ಯಾರಿಗೂ ಇರಲಿಲ್ಲ. ಆ ಸೋಲಿನ ಕಥಿ ನನಗೆ ತಿಳಿದದ್ದು ಆಮೇಲೆ, ವಾಚನಾಲಯದಲ್ಲಿ ಗುರುಗಳೊಬ್ಬರ ಬಾಯಿಂದ.

ಆ ವರ್ಷದ ಭಾರತ ತಂಡದ ನಾಯಕ ಎಂ. ಪಿ. ಗಣೇಶ್, ಕೊಡಗಿನವರು. ಮುಂದಿನ ಸಾಲಿನಲ್ಲಿ ಆಡುತ್ತಿದ್ದ ಬಿ. ಪಿ. ಗೋವಿಂದ ಸಹ ಕೊಡಗಿನ ಸೋಮವಾರಪೇಟೆಯವರು. ನಮಗೂ ಕೊಡಗಿಗೂ ನಡುವೆ ಇಡೀ ಕರ್ನಾಟಕ ಅಡ್ಡ ಮಲಗಿದೆ. ಅಲ್ಲಿ ಕಾಫಿ, ಇಲ್ಲಿ ಜೋಳ. ಅಲ್ಲಿ ತಿಂಗಳುಗಟ್ಟಲೆ ಮಳೆ, ಇಲ್ಲಿ ಮುಗಿಲು ನೋಡುವುದೇ ಕೆಲಸ. ಆದರೂ ದೇಶದ ತಂಡದಲ್ಲಿ ಕನ್ನಡ ನಾಡಿನ ಇಬ್ಬರಿದ್ದರು ಅಂದರೆ ಗಡಿಯಾಚೆ ಕೂತ ನಮಗೆ ಅದು ಸಣ್ಣ ಮಾತಲ್ಲ.

ಸೆಮಿಫೈನಲ್‌ನಲ್ಲಿ ನಮ್ಮವರು ಪಾಕಿಸ್ತಾನವನ್ನು 1-0ರಿಂದ ಸೋಲಿಸಿ ಬಾರ್ಸಿಲೋನಾದ ಲೆಕ್ಕ ಚುಕ್ತಾ ಮಾಡಿದರು. ಫೈನಲ್‌ನಲ್ಲಿ ಎದುರಿಗೆ ಹಾಲೆಂಡ್, ಅದೂ ಅವರ ಮನೆಯಂಗಳದಲ್ಲಿ. ಸುರ್ಜಿತ್ ಸಿಂಗ್ ಆಟ ಶುರುವಾದ ಸ್ವಲ್ಪ ಹೊತ್ತಿನಲ್ಲೇ ಎರಡು ಗೋಲು ಹೊಡೆದರು. ಕಪ್ಪು ಕೈಗೆ ಬಂದಂತೆಯೇ ಇತ್ತು. ಆದರೆ ಹಾಲೆಂಡಿನವರು ಬಿಡಲಿಲ್ಲ, ಎರಡೂ ಗೋಲು ತಿರುಗಿಸಿ 2-2 ಮಾಡಿದರು. ಹೊತ್ತು ಮುಗಿದ ಮೇಲೆ ಹೆಚ್ಚಿನ ಹೊತ್ತು ಕೊಟ್ಟರು. ಕೊನೆಕೊನೆಗೆ ಯಾರು ಮೊದಲು ಗೋಲು ಹೊಡೆಯುತ್ತಾರೋ ಅವರೇ ಗೆದ್ದಂತೆ ಅನ್ನುವ ಘಟ್ಟಕ್ಕೆ ಬಂತು. ಆಗ ಭಾರತಕ್ಕೆ ಒಂದು ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು.

ಪೆನಾಲ್ಟಿ ಸ್ಟ್ರೋಕ್ ಅಂದರೆ ಹಾಕಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಚೆಂಡು ಇಟ್ಟಿರುತ್ತಾರೆ. ಹೊಡೆಯುವವ ಒಬ್ಬ, ಗೋಲು ಕಾಯುವವ ಒಬ್ಬ. ಉಳಿದವರೆಲ್ಲ ದೂರ ನಿಂತು ನೋಡಬೇಕು. ಆ ಒಂದು ಹೊಡೆತ ಒಳಗೆ ಹೋದರೆ ಭಾರತ ವಿಶ್ವಕ್ಕೇ ದೊಡ್ಡದು. ಹೊಡೆಯಲು ಮುಂದೆ ಬಂದವರು ಗೋವಿಂದ. ಚೆಂಡು ಒಳಗೆ ಹೋಗಲಿಲ್ಲ. ಮುಂದೆ ಎರಡೂ ಕಡೆಯವರು ಸರದಿಯ ಮೇಲೆ ಸ್ಟ್ರೋಕ್ ಹೊಡೆದಾಗ ಹಾಲೆಂಡ್ 4-2ರಿಂದ ಗೆದ್ದಿತು.

ಇಲ್ಲೇ ಸ್ವಲ್ಪ ನಿಲ್ಲಬೇಕು. ಒಬ್ಬ ಮನುಷ್ಯ ಇಡೀ ದೇಶದ ಎದುರಿಗೆ ತಪ್ಪಿದ. ನಮ್ಮ ಊರಾಗ ಇಂಥವನ ಗತಿ ಏನಾಗುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಬಾವಿ ಕಟ್ಟೆಯ ಮೇಲೆ, ಕಟಿಂಗ್ ಅಂಗಡಿಯಲ್ಲಿ, ಚಹದ ಅಂಗಡಿಯಲ್ಲಿ ಅವನದೇ ಮಾತು. “ಅವನ ಕೈಯಾಗ ಕೊಡಬಾರದಿತ್ತು” ಅನ್ನುವ ಶಾಣ್ಯಾರು ಹತ್ತು ಮಂದಿ. ಆದರೆ ಎರಡು ವರ್ಷದ ಮೇಲೆ ವಿಶ್ವಕಪ್ಪಿಗೆ ಮತ್ತೆ ತಂಡ ಕಟ್ಟಿದಾಗ ಗೋವಿಂದರ ಹೆಸರು ಅದರಲ್ಲಿ ಇತ್ತು. ಸುರ್ಜಿತ್ ಇದ್ದರು, ಅಶೋಕ್ ಕುಮಾರ್ ಇದ್ದರು, ಅಜಿತ್‌ಪಾಲ್ ಸಿಂಗ್ ಈಗ ನಾಯಕರು. ಸೋತವರನ್ನು ಒಗೆದು ಹೊಸಬರನ್ನು ತಂದದ್ದಲ್ಲ. ಸೋತವರನ್ನೇ ಮತ್ತೆ ಕಣಕ್ಕೆ ಇಳಿಸಿದರು. 1975ರ ಗೆಲುವಿನ ಗುಟ್ಟು ನನ್ನ ತಿಳುವಳಿಕೆಯಲ್ಲಿ ಇದೇ.

ತಯಾರಿಯ ಶಿಬಿರ ಚಂಡೀಗಡದಲ್ಲಿ ನಡೆಯಿತು. ಆಗಿನ ಪಂಜಾಬದ ಮುಖ್ಯಮಂತ್ರಿ ಗ್ಯಾನಿ ಜೈಲ್ ಸಿಂಗ್ ಅದಕ್ಕೆ ಬೆನ್ನು ಕೊಟ್ಟರು. ತಂಡದ ಮ್ಯಾನೇಜರ್ ಬಲಬೀರ್ ಸಿಂಗ್, 1948, 1952, 1956ರ ಮೂರು ಒಲಿಂಪಿಕ್ಸ್‌ನಲ್ಲಿ ಬಂಗಾರ ಗೆದ್ದ ಹಿರಿಯರು. ಮೂರನೆಯ ವಿಶ್ವಕಪ್ 1975ರ ಮಾರ್ಚ್ 1ಕ್ಕೆ ಮಲೇಶಿಯಾದ ಕೌಲಾಲಂಪುರದಲ್ಲಿ ಶುರುವಾಯಿತು. ಹನ್ನೆರಡು ದೇಶಗಳು ಬಂದಿದ್ದವು.

ನಮ್ಮವರ ದಾರಿ ಸಲೀಸಾಗಿ ಇರಲಿಲ್ಲ. ಇಂಗ್ಲೆಂಡನ್ನು 2-1ರಿಂದ ಸೋಲಿಸಿದರು, ಆಸ್ಟ್ರೇಲಿಯಾದ ಜೊತೆ 1-1 ಸಮ ಆಯಿತು, ಘಾನಾದ ಮೇಲೆ 7 ಗೋಲು ಹೊಡೆದರು. ಆಮೇಲೆ ಯಾರೂ ನೆನೆಸದ ರೀತಿಯಲ್ಲಿ ಅರ್ಜೆಂಟೀನಾದ ಕೈಯಲ್ಲಿ 1-2ರಿಂದ ಸೋತರು. ಮುಂದಿನ ಆಟದಲ್ಲಿ ಪಶ್ಚಿಮ ಜರ್ಮನಿಯ ಎದುರು ಗೆಲ್ಲಲೇಬೇಕು ಅನ್ನುವ ಪರಿಸ್ಥಿತಿ. 3-1ರಿಂದ ಗೆದ್ದು ಸೆಮಿಫೈನಲ್‌ಗೆ ಹೋದರು.

ಅಲ್ಲಿ ಎದುರಿಗೆ ಮನೆಯವರೇ ಆದ ಮಲೇಶಿಯಾ. ಹೊತ್ತು ಮುಗಿಯುತ್ತ ಬಂದರೂ ನಮ್ಮವರು 1-2ರಿಂದ ಹಿಂದೆ. ಆಗ ಬಲಬೀರ್ ಸಿಂಗ್ ಹೊರಗೆ ಕೂತಿದ್ದ ಅಸ್ಲಂ ಶೇರ್ ಖಾನ್ ಎಂಬ ಹುಡುಗನನ್ನು ಒಳಗೆ ಕಳಿಸಿದರು. ಅಲ್ಲಿಯ ತನಕ ಆ ಪಂದ್ಯಾವಳಿಯಲ್ಲಿ ಬಹುಪಾಲು ಬೆಂಚಿನ ಮೇಲೆಯೇ ಕಳೆದ ಆಟಗಾರ. 65ನೆಯ ನಿಮಿಷಕ್ಕೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಅಸ್ಲಂ ಕೊರಳಿನ ತಾಯಿತಕ್ಕೆ ಮುತ್ತು ಕೊಟ್ಟು ಹೊಡೆದರು, ಗೋಲು. ಹೆಚ್ಚಿನ ಹೊತ್ತಿನಲ್ಲಿ ಹರಚರಣ್ ಸಿಂಗ್ ಮೂರನೆಯದನ್ನು ಹೊಡೆದರು. 3-2.

ಮಾರ್ಚ್ 15ಕ್ಕೆ ಮರ್ಡೇಕಾ ಸ್ಟೇಡಿಯಂನಲ್ಲಿ ಫೈನಲ್. ಎದುರಿಗೆ ಪಾಕಿಸ್ತಾನ. ನಮ್ಮ ಕಡೆ ಜೋಳದ ರಾಶಿ ಮಾಡುವ ದಿನಗಳು. ದುಷ್ಕಾಳ ದಾಟಿ ಕಣದಲ್ಲಿ ಮತ್ತೆ ಕಾಳು ಕಾಣುತ್ತಿತ್ತು. ವಾಚನಾಲಯದ ಗೋಡೆಯ ಮೇಲಿನ ರೇಡಿಯೋ ಮುಂದೆ ಮೈತುಂಬ ಕಂಕಿ ಧೂಳು ಮೆತ್ತಿದ ಮಂದಿ ಬಂದು ಕೂತರು. ನನಗೆ ಆಗ ಹದಿನೈದು. ಆಕಾಶವಾಣಿಯಲ್ಲಿ ಜಸದೇವ್ ಸಿಂಗ್ ಹಿಂದಿಯಲ್ಲಿ ಆಟ ಹೇಳುತ್ತಿದ್ದರು. ಗುರುಗಳು ನಡುನಡುವೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಖರೆ ಹೇಳಬೇಕಂದ್ರ ಗುರುಗಳು ಹೇಳುವ ಮೊದಲೇ ನಮಗೆ ತಿಳಿಯುತ್ತಿತ್ತು. ಚೆಂಡು ಗೋಲಿನ ಹತ್ತಿರ ಹೋದಂತೆ ಆ ದನಿ ಏರುತ್ತಿತ್ತು, ದೂರ ಸರಿದಂತೆ ಇಳಿಯುತ್ತಿತ್ತು. ಅರ್ಥ ತಿಳಿಯುವ ಮೊದಲೇ ದನಿ ಎದೆಗೆ ಮುಟ್ಟಬೇಕು ಅನ್ನುವ ಹಾಡಿಕೆಯ ಪಾಠವನ್ನು ನಾನು ಆ ದಿನ ಕಲಿತೆ.

17ನೆಯ ನಿಮಿಷಕ್ಕೆ ಪಾಕಿಸ್ತಾನದ ಜಾಹಿದ್ ಶೇಖ್ ಗೋಲು ಹೊಡೆದರು. ವಾಚನಾಲಯ ಸುಮ್ಮನಾಯಿತು. 44ನೆಯ ನಿಮಿಷಕ್ಕೆ ಪೆನಾಲ್ಟಿ ಕಾರ್ನರ್‌ನಲ್ಲಿ ಸುರ್ಜಿತ್ ಸಿಂಗ್ ಸಮ ಮಾಡಿದರು. 51ನೆಯ ನಿಮಿಷಕ್ಕೆ ಅಶೋಕ್ ಕುಮಾರ್ ಹೊಡೆದ ಚೆಂಡು ಗೋಲಿನ ಕಂಬದ ಮೂಲೆಗೆ ಒಳಗಿನಿಂದ ಬಡಿದು ಹೊರಗೆ ಪುಟಿಯಿತು. ಗೋಲಲ್ಲ ಅಂತ ಪಾಕಿಸ್ತಾನದವರು ತಕರಾರು ತೆಗೆದರು. ಮಲೇಶಿಯಾದ ಅಂಪೈರ್ ವಿಜಯನಾಥನ್ ಗೋಲೇ ಅಂತ ನಿಂತರು. ಅದೇ ಕೊನೆಯ ಗೋಲು. ಭಾರತ 2, ಪಾಕಿಸ್ತಾನ 1.

ಅಶೋಕ್ ಕುಮಾರ್ ಧ್ಯಾನ್‌ಚಂದರ ಮಗ. ಅಸ್ಲಂ ಅವರ ತಂದೆ ಅಹಮದ್ ಶೇರ್ ಖಾನ್, 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಅದೇ ಧ್ಯಾನ್‌ಚಂದರ ನಾಯಕತ್ವದಲ್ಲಿ ಬಂಗಾರ ಗೆದ್ದವರು. ಅಪ್ಪಂದಿರು ಒಂದೇ ತಂಡದಲ್ಲಿ ಗೆದ್ದರು, 39 ವರ್ಷದ ಮೇಲೆ ಮಕ್ಕಳೂ ಒಂದೇ ತಂಡದಲ್ಲಿ ಗೆದ್ದರು. ಆ ತಂಡದಲ್ಲಿ ಸಿಖ್ಖರಿದ್ದರು, ಮುಸಲ್ಮಾನರಿದ್ದರು, ಕ್ರೈಸ್ತರಿದ್ದರು, ಹಿಂದೂಗಳಿದ್ದರು. ಝಾರ್ಖಂಡ ಸೀಮೆಯ ಆದಿವಾಸಿ ಮೈಕೆಲ್ ಕಿಂಡೋ ಇದ್ದರು. ಸ್ಟ್ರೋಕ್ ತಪ್ಪಿದ್ದ ನಮ್ಮ ಗೋವಿಂದ ವಿಶ್ವಕಪ್ ಗೆದ್ದ ತಂಡದವರಾಗಿ ಮನೆಗೆ ಬಂದರು. ಅದೇ 1975ರ ಅರ್ಜುನ ಪ್ರಶಸ್ತಿಯೂ ಅವರಿಗೆ ಬಂತು.

ಹಾಡು ಇಲ್ಲಿಗೇ ಮಂಗಳ ಆಗಿದ್ದರೆ ಚಲೋ ಇತ್ತು. ಆದರೆ ಮರುವರ್ಷವೇ, 1976ರಲ್ಲಿ, ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿಯನ್ನು ಮೊದಲ ಸಲ ಕೃತಕ ಹುಲ್ಲಿನ ಮೇಲೆ ಆಡಿಸಿದರು. ಮಣ್ಣಿನ ಮೇಲೆ ಬೆಳೆದ ಹುಲ್ಲಿನಲ್ಲಿ ಚೆಂಡು ಸ್ವಲ್ಪ ತಡೆದು ತಡೆದು ಬರುತ್ತದೆ. ಕೋಲಿನ ತುದಿಯಲ್ಲಿ ಅದನ್ನು ಆಡಿಸುವ ಕೈಚಳಕ ನಮ್ಮವರದು. ಕೃತಕ ಹಾಸಿನ ಮೇಲೆ ಚೆಂಡು ಬಾಣದ ಹಂಗ ಓಡುತ್ತದೆ. ಅಲ್ಲಿ ಕೈಚಳಕಕ್ಕಿಂತ ದಮ್ಮು, ಓಟ, ದೂರದ ಹೊಡೆತಕ್ಕೆ ಬೆಲೆ. ಅಂಥ ಹಾಸು ಹಾಕಿಸಲು ರೊಕ್ಕ ಬೇಕು, ಅದನ್ನು ತೋಯಿಸಲು ನೀರು ಬೇಕು. ನಮ್ಮ ಹುಡುಗರಿಗೆ ಅದರ ಮೇಲೆ ಕಾಲೂರುವ ಅವಕಾಶವೇ ಇರಲಿಲ್ಲ. 1928ರಿಂದ ಪ್ರತಿ ಒಲಿಂಪಿಕ್ಸ್‌ನಲ್ಲೂ ಪದಕ ತಂದ ಭಾರತ ಆ ಸಲ ಏಳನೆಯ ಜಾಗಕ್ಕೆ ಇಳಿಯಿತು. 1980ರಲ್ಲಿ ಮಾಸ್ಕೋದಲ್ಲಿ ಒಂದು ಬಂಗಾರ ಬಂತು, ಆದರೆ ಆಗ ದೊಡ್ಡ ದೊಡ್ಡ ತಂಡಗಳು ಬಂದಿರಲಿಲ್ಲ. ಮುಂದೆ ಒಲಿಂಪಿಕ್ಸ್ ಪದಕಕ್ಕೆ 41 ವರ್ಷ ಕಾಯಬೇಕಾಯಿತು. 1978ರಿಂದ 2023ರ ತನಕ ಹನ್ನೆರಡು ವಿಶ್ವಕಪ್ ನಡೆದವು. ಒಂದರಲ್ಲೂ ಭಾರತ ಮೊದಲ ನಾಲ್ಕರೊಳಗೆ ಬರಲಿಲ್ಲ.

ಇದರಲ್ಲಿ ರೈತನಿಗೆ ತಿಳಿಯುವ ಮಾತು ಒಂದಿದೆ. ನೆಲ ಬದಲಾದರೆ ಬೀಜವೂ ಬದಲಾಗಬೇಕು, ಬೇಸಾಯವೂ ಬದಲಾಗಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ. ನಡುವೆ ಬೀಜವನ್ನೇ ಕಳೆದುಕೊಳ್ಳಬಾರದು. ಕೊಡಗಿನವರು ಕಳೆದುಕೊಳ್ಳಲಿಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅನ್ನುವವರು ಕರಡ ಊರಿನಲ್ಲಿ ಮನೆತನ ಮನೆತನಗಳ ನಡುವೆ ಹಾಕಿ ಪಂದ್ಯ ಇಟ್ಟರು. ಆಗ 60 ಮನೆತನ ಸೇರಿದ್ದವು. ಇಂದಿಗೆ ಅದು ಮುನ್ನೂರರ ಮೇಲೆ ಹೋಗಿದೆ. ಅಜ್ಜನೂ ಮೊಮ್ಮಗನೂ ಕೂಡಿ ಆಡುತ್ತಾರೆ. ಆಟ ಉಳಿಯುವುದು ಹಿಂಗ, ಮಂದಿ ಕೂಡಿದಲ್ಲಿ. ಹಾಡೂ ಹಂಗೇ.

ನಾನು ಹಾಡಿಕೆಯವನು. ನಮ್ಮ ಹರದೇಶಿ-ನಾಗೇಶಿ ಮೇಳಗಳಲ್ಲಿ ರಾತ್ರಿಯಿಡೀ ಸವಾಲ್ ಜವಾಬ್ ನಡೆಯುತ್ತದೆ. ಒಂದು ಕಡೆಯವರು ಹಾಡಿನಲ್ಲಿ ಪ್ರಶ್ನೆ ಇಟ್ಟರೆ ಇನ್ನೊಂದು ಕಡೆಯವರು ಹಾಡಿನಲ್ಲೇ ಉತ್ತರ ಕೊಡಬೇಕು. ಉತ್ತರ ಬರದೆ ಜಾತ್ರೆಯ ಮಂದಿಯ ಎದುರು ಸೋತ ಮೇಳವನ್ನು ನಾನು ಬಹಳ ಸಲ ನೋಡಿದ್ದೇನೆ. ಆದರೆ ಮರುವರ್ಷ ಆ ಜಾತ್ರೆಗೆ ಜನ ಹೆಚ್ಚಾಗಿ ಕೂಡುವುದು ಆ ಸೋತ ಮೇಳ ತಿರುಗಿ ಬಂದಾಗಲೇ. ಅವರು ಈ ಸಲ ಏನು ಜವಾಬು ತಂದಿದ್ದಾರೆ ಅಂತ ನೋಡಲು. ಸೋತ ಮೇಳಕ್ಕೆ ವೀಳ್ಯ ಕೊಡುವುದನ್ನು ಊರು ಬಿಟ್ಟರೆ ಗೆದ್ದವರಿಗೆ ಎದುರು ನಿಲ್ಲುವವರೇ ಉಳಿಯುವುದಿಲ್ಲ, ಹಾಡಿಕೆಯೇ ಮುಗಿಯುತ್ತದೆ.

ಈ ಪುಸ್ತಕ ಓದುವ ಗುರುಗಳಲ್ಲಿ ನನ್ನದೊಂದು ಬೇಡಿಕೆ. ನಮ್ಮ ಗಡಿಯ ಊರುಗಳಲ್ಲಿ ಮಕ್ಕಳು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಪರೀಕ್ಷೆಯಲ್ಲಿ ಮತ್ತೊಂದು ಅಂತ ಒದ್ದಾಡುತ್ತಾರೆ. ಹತ್ತನೆಯ ಇಯತ್ತೆಯಲ್ಲಿ ಒಂದು ವಿಷಯ ಹೋದರೆ ಹುಡುಗನ ಕೈಗೆ ಬಾರುಕೋಲು ಬರುತ್ತದೆ, ಹುಡುಗಿಯ ಕೊರಳಿಗೆ ತಾಳಿ ಬೀಳುತ್ತದೆ. ಇನ್ನೊಂದು ಸಲ ಕೂಡ್ರಿಸಿ ನೋಡೋಣ ಅನ್ನುವವರು ಕಡಿಮೆ. ನೀವು ಮಕ್ಕಳಿಗೆ 1975 ಅಂತ ಹೇಳುವಾಗ ಅದರ ಮುಂಚೆ 1973 ಅಂತಲೂ ಹೇಳಿರಿ. ಅಜಿತ್‌ಪಾಲ್, ಅಶೋಕ್ ಕುಮಾರ್ ಹೆಸರಿನ ಜೊತೆಗೆ ಗೋವಿಂದರ ಹೆಸರನ್ನೂ ಹೇಳಿರಿ. ಸೋತ ಆಟಗಾರನಿಗೆ ಮತ್ತೆ ಕೋಲು ಕೊಟ್ಟ ತಂಡವೇ ವಿಶ್ವಕಪ್ ತಂದಿತು. ಚಪ್ಪಾಳೆ ಆಮೇಲೆ ತಟ್ಟಲಿ.